ವಿಮಾನದ ಮೈಯಲ್ಲಿ ನಾರು ಯಾಕೆ ಬಾಗಬೇಕು? ಕಾರ್ಬನ್ ಪಟ್ಟಿ ಅಂಟಿಸುವ ರೋಬೋಟ್‌ಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು, ಫೋನ್‌ನಲ್ಲಿ ಈ ಬರಹರೂಪ ಓದ್ತಿರೋರು, ಎಲ್ಲರಿಗೂ ಇವತ್ತು ಮೊದಲು ಒಂದು ಚಿಕ್ಕ ಕೆಲಸ. ಮನೆಯಲ್ಲಿ ಸೆಲ್ಲೋಟೇಪ್ ಇದ್ರೆ ಒಂದು ಗೇಣುದ್ದ ಹರ್ಕೊಂಡು ಮೇಜಿನ ಮೇಲೆ ನೇರವಾಗಿ ಅಂಟಿಸಿ. ಸಲೀಸಾಗಿ ಕೂರುತ್ತೆ. ಈಗ ಇನ್ನೊಂದು ತುಂಡು ತಗೊಂಡು, ಊಟದ ತಟ್ಟೆಯ ಅಂಚು ಎಷ್ಟು ದುಂಡಗಿದೆಯೋ ಅಷ್ಟು ಬಾಗಿಸಿ ಅದೇ ಮೇಜಿನ ಮೇಲೆ ಅಂಟಿಸೋಕೆ ನೋಡಿ. ಒಳಗಿನ ಅಂಚು ನೆರಿಗೆ ನೆರಿಗೆಯಾಗಿ ಎದ್ದು ನಿಲ್ಲುತ್ತೆ. ಬೆರಳಲ್ಲಿ ಒತ್ತಿದ್ರೆ ಒಂದು ಕಡೆ ಕೂತು ಇನ್ನೊಂದು ಕಡೆ ಏಳುತ್ತೆ.

ಈ ನೆರಿಗೆ ಇದೆಯಲ್ಲ, ಇದರ ಜೊತೆ ವಿಮಾನ ತಯಾರಿಸುವ ಎಂಜಿನಿಯರ್‌ಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಗುದ್ದಾಡ್ತಿದ್ದಾರೆ. ಅವರ ಕೈಲಿರೋದು ಸೆಲ್ಲೋಟೇಪ್ ಅಲ್ಲ, ಕಾರ್ಬನ್ ನಾರಿನ ಪಟ್ಟಿ. ಅಂಟಿಸೋದು ಬೆರಳಲ್ಲ, ಕೋಟಿಗಟ್ಟಲೆ ಬೆಲೆಯ ರೋಬೋಟ್. ಆದ್ರೆ ತೊಂದರೆ ಅದೇ. ಹಾಗಾದ್ರೆ ನೇರವಾಗಿಯೇ ಅಂಟಿಸಬಹುದಲ್ಲ, ಬಾಗಿಸೋ ಉಸಾಬರಿ ಯಾಕೆ ಅಂತ ಕೇಳ್ತೀರಾ? ಇವತ್ತಿನ ಎಪಿಸೋಡ್ ಪೂರ್ತಿ ಅದರ ಬಗ್ಗೆಯೇ.

ಮೊದಲು ವಸ್ತುವಿನ ಪರಿಚಯ ಮಾಡ್ಕೊಳ್ಳೋಣ. ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧದಷ್ಟು ಕಾಂಪೋಸಿಟ್. ಏರ್‌ಬಸ್ ಎ350ಯಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಶೇ 53. ಕಾಂಪೋಸಿಟ್ ಅಂದ್ರೆ ಇಲ್ಲಿ ಕಾರ್ಬನ್ ನಾರು ಮತ್ತು ಅದನ್ನು ಹಿಡಿದಿಡುವ ರಾಳ, ಎರಡರ ಜೋಡಿ. ಒಂದು ಕಾರ್ಬನ್ ನಾರಿನ ದಪ್ಪ 5ರಿಂದ 7 ಮೈಕ್ರಾನ್, ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗ ಇರಬಹುದು. ಇಂಥ ಸಾವಿರಾರು ನಾರುಗಳನ್ನು ಪಕ್ಕಪಕ್ಕ ಇಟ್ಟು, ಅರೆಬರೆ ಗಟ್ಟಿಯಾದ ರಾಳದಲ್ಲಿ ನೆನೆಸಿ, ಪಟ್ಟಿ ಮಾಡಿಟ್ಟಿರ್ತಾರೆ. ರಾಳ ತಾನಾಗೇ ಗಟ್ಟಿಯಾಗಬಾರದು ಅಂತ ಈ ಪಟ್ಟಿಗಳನ್ನ ಇಡೋದು ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿ.

ಈ ನಾರಿನ ಒಂದು ಗುಣ ನೆನಪಿಟ್ಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿರೋದು. ಉದ್ದಕ್ಕೆ ಎಳೆದ್ರೆ ಇದು ಮಹಾ ಬಿಗಿ. ಅಡ್ಡಕ್ಕೆ ಎಳೆದ್ರೆ ನಾರು ಲೆಕ್ಕಕ್ಕೇ ಬರಲ್ಲ, ಹೊರೆ ಹೊರೋದು ಬರೀ ರಾಳ. ಉದ್ದದ ಬಿಗಿತ ಅಡ್ಡದ ಬಿಗಿತಕ್ಕಿಂತ ಸುಮಾರು ಹದಿನೈದು ಪಟ್ಟು. ಸೌದೆ ಸೀಳಿದವರಿಗೆ ಇದು ಹೊಸ ವಿಷಯವೇನಲ್ಲ. ನಾರಿನ ಗುಂಟ ಕೊಡಲಿ ಬಿದ್ರೆ ಎರಡೇ ಏಟಿಗೆ ಇಬ್ಭಾಗ, ಅಡ್ಡಡ್ಡ ಕಡಿಯೋಕೆ ಹೋದ್ರೆ ಬೆವರಿಳಿಯುತ್ತೆ.

ಒಂದೇ ದಿಕ್ಕಿನಲ್ಲಿ ಗಟ್ಟಿ ಇರೋ ಪಟ್ಟಿಯಿಂದ ಎಲ್ಲಾ ದಿಕ್ಕಿನ ಹೊರೆ ತಡೆಯೋ ರೆಕ್ಕೆ ಮಾಡೋದು ಹೇಗೆ? ಪದರದ ಮೇಲೆ ಪದರ. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಮತ್ತೆರಡು 45 ಡಿಗ್ರಿ ಓರೆಯಾಗಿ, ಆ ಕಡೆಗೊಂದು ಈ ಕಡೆಗೊಂದು. ಈ ನಾಲ್ಕು ದಿಕ್ಕುಗಳ ಲೆಕ್ಕ ದಶಕಗಳಿಂದ ನಡ್ಕೊಂಡು ಬಂದಿದೆ. ಸುರಕ್ಷಿತ, ಲೆಕ್ಕ ಸುಲಭ, ಪರೀಕ್ಷೆ ಮಾಡಿಟ್ಟ ಅಂಕಿ-ಅಂಶ ರಾಶಿ ಇದೆ. ಆದ್ರೆ ಹೀಗೆ ಮಾಡಿದ ಹಾಳೆ ಕೊನೆಗೆ ಎಲ್ಲಾ ಕಡೆಗೂ ಒಂದೇ ಥರ ವರ್ತಿಸುತ್ತೆ, ಥೇಟ್ ಲೋಹದ ತಗಡಿನ ಹಾಗೆ. ಈ ಕ್ಷೇತ್ರದಲ್ಲಿ ಇರೋರೇ ಇದನ್ನ ‘ಕಪ್ಪು ಅಲ್ಯೂಮಿನಿಯಂ’ ಅಂತ ಗೇಲಿ ಮಾಡ್ತಾರೆ. ದಿಕ್ಕು ನೋಡಿ ಕೆಲಸ ಮಾಡೋ ದುಬಾರಿ ನಾರನ್ನ ತಂದು ದಿಕ್ಕೇ ಇಲ್ಲದ ತಗಡು ಮಾಡಿದ್ರೆ ಏನು ಬಂತು ಅನ್ನೋದು ಅವರ ತಕರಾರು. ನನಗೂ ಅದು ನ್ಯಾಯವಾದ ತಕರಾರು ಅಂತಲೇ ಅನ್ಸುತ್ತೆ.

ಈಗ ಯಂತ್ರದ ವಿಷಯ. ಮುಂಚೆ ಈ ಪದರಗಳನ್ನ ಕೈಯಲ್ಲೇ ಹಾಸುತ್ತಿದ್ರು, ಈಗಲೂ ಎಷ್ಟೋ ಕಡೆ ಹಾಗೇ ನಡೆಯುತ್ತೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಯಂತ್ರ ರೂಪುಗೊಂಡಿತು. ಇಂಗ್ಲಿಷ್‌ನಲ್ಲಿ ಆಟೊಮೇಟೆಡ್ ಫೈಬರ್ ಪ್ಲೇಸ್‌ಮೆಂಟ್, ಚಿಕ್ಕದಾಗಿ ಎಎಫ್‌ಪಿ. ಕಿರುಬೆರಳಿಗಿಂತ ಕಡಿಮೆ ಅಗಲದ, ಅಂದ್ರೆ 3.2 ಅಥವಾ 6.35 ಮಿಲಿಮೀಟರ್‌ನ ಪಟ್ಟಿಗಳು ರೀಲುಗಳಿಂದ ಬಿಚ್ಚಿಕೊಂಡು ರೋಬೋಟ್‌ನ ತಲೆಗೆ ಬರುತ್ತವೆ. ಒಂದೇ ಸಲಕ್ಕೆ 16, 24, ಕೆಲವೊಮ್ಮೆ 32 ಪಟ್ಟಿಗಳು ಪಕ್ಕಪಕ್ಕ. ಮುಂದೆ ಒಂದು ಹೀಟರ್ ಬಿಸಿ ಮಾಡುತ್ತೆ, ರಾಳ ಅಂಟಂಟಾಗುತ್ತೆ, ಹಿಂದಿನಿಂದ ಒಂದು ರೋಲರ್ ಒತ್ತಿ ಕೂರಿಸುತ್ತೆ. ಪ್ರತಿ ಪಟ್ಟಿಗೂ ಅದರದ್ದೇ ಬ್ಲೇಡ್. ಬೇಕಾದಲ್ಲಿ ಒಂದೇ ಒಂದು ಪಟ್ಟಿ ಕತ್ತರಿಸಿ ನಿಲ್ಲಿಸಬಹುದು, ಮುಂದೆ ಮತ್ತೆ ಶುರು ಮಾಡಬಹುದು. 787ರ ಮೈಯ ದೊಡ್ಡ ದೊಡ್ಡ ಕೊಳವೆಗಳು ತಯಾರಾಗೋದು ಹೀಗೇ: ಪೀಪಾಯಿ ಥರದ ಅಚ್ಚು ನಿಧಾನಕ್ಕೆ ತಿರುಗ್ತಿರುತ್ತೆ, ಯಂತ್ರ ಅದರ ಮೇಲೆ ಪಟ್ಟಿ ಸುತ್ತುತ್ತಾ ಹೋಗುತ್ತೆ. ಆಮೇಲೆ ಅಚ್ಚಿನ ಸಮೇತ ಆಟೊಕ್ಲೇವ್‌ಗೆ. ಅದೊಂದು ದೈತ್ಯ ಪ್ರೆಶರ್ ಕುಕ್ಕರ್ ಅಂದ್ಕೊಳ್ಳಿ. ಸುಮಾರು 180 ಡಿಗ್ರಿ ಶಾಖ, ಹೊರಗಿನ ಗಾಳಿಯ ಆರೇಳು ಪಟ್ಟು ಒತ್ತಡ. ರಾಳ ಗಟ್ಟಿಯಾಗಿ ಎಲ್ಲಾ ಪದರ ಒಂದೇ ತುಂಡಾಗುತ್ತೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಕೈಯಲ್ಲಿ ದೊಡ್ಡ ಹಾಳೆ ಹಾಸುವಾಗ ನಾರು ಬಾಗಿಸೋ ಪ್ರಶ್ನೆಯೇ ಇರಲಿಲ್ಲ. ಆದ್ರೆ ರೋಬೋಟ್‌ನ ತಲೆ ತಿರುಗಬಲ್ಲದು. ದಾರಿಯುದ್ದಕ್ಕೂ ದಿಕ್ಕು ಬದಲಿಸಬಲ್ಲದು. ಅಂದ್ರೆ ಒಂದೇ ಪದರದಲ್ಲಿ ಇಲ್ಲಿ 10 ಡಿಗ್ರಿ, ಅಲ್ಲಿ 30, ಇನ್ನೂ ಮುಂದೆ 45. ಯಂತ್ರ ಬಂದ ಮೇಲೆ ಈ ಯೋಚನೆಗೆ ಕೈಕಾಲು ಬಂತು.

ಬಾಗಿಸಿದ್ರೆ ಲಾಭ ಏನು? ಇದಕ್ಕೆ ಉತ್ತರ ವಿಮಾನದ ಬಾಗಿಲಲ್ಲಿದೆ.

ಒಂದು ಹಾಳೆಯನ್ನ ಎರಡೂ ಕಡೆಯಿಂದ ಎಳೀತಿದ್ದೀರಿ ಅಂದ್ಕೊಳ್ಳಿ. ಮಧ್ಯೆ ಒಂದು ಗುಂಡನೆಯ ತೂತು ಕೊರೆದ್ರೆ, ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತೆ. ಇದು 1898ರಲ್ಲೇ ಜರ್ಮನಿಯ ಕಿರ್ಶ್ ಅನ್ನೋರು ಲೆಕ್ಕ ಹಾಕಿಟ್ಟ ಸಂಗತಿ. ತೂತು ಮೂಲೆಗಳಿರೋ ಆಕಾರದ್ದಾದ್ರೆ ಇನ್ನೂ ಕಷ್ಟ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಹಾರಾಟದಲ್ಲೇ ಒಡೆದು ಬಿದ್ದವು, ಒಳಗಿದ್ದ ಯಾರೂ ಉಳಿಯಲಿಲ್ಲ. ಬ್ರಿಟನ್‌ನ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನೇ ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡ ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷೆ ಮಾಡಿದ್ರು. ಮೈಯಲ್ಲಿದ್ದ ಕಿಟಕಿ-ಕಿಂಡಿಗಳ ಮೂಲೆಯಿಂದಲೇ ಲೋಹ ದಣಿದು ಬಿರುಕು ಬಿಟ್ಟಿತ್ತು. ಆಮೇಲಿಂದ ಬಾಗಿಲು, ಕಿಟಕಿ ಅಂದ್ರೆ ಎಂಜಿನಿಯರ್‌ಗಳಿಗೆ ಒಂಥರಾ ದಿಗಿಲು. ಸುತ್ತ ದಪ್ಪ ಮಾಡು, ಪಟ್ಟಿ ಹೊಡಿ, ಚೌಕಟ್ಟು ಹಾಕು. ಕೆಲಸ ಆಗುತ್ತೆ, ಆದ್ರೆ ತೂಕ ಏರುತ್ತೆ. ವಿಮಾನದಲ್ಲಿ ತೂಕ ಅಂದ್ರೆ ಇಂಧನ, ಅದರ ಆಯುಸ್ಸು ಪೂರ್ತಿ ಪ್ರತಿ ಹಾರಾಟದಲ್ಲೂ.

ಮರ ಈ ಸಮಸ್ಯೆಯನ್ನ ಬೇರೆ ರೀತಿ ಬಗೆಹರಿಸ್ಕೊಂಡಿದೆ. ಮನೆಯ ಹಳೇ ಬಾಗಿಲಿನ ಹಲಗೆಯಲ್ಲಿ ಗಂಟು ಇದ್ರೆ ನೋಡಿ. ಹೊಳೆ ಮಧ್ಯೆ ಬಂಡೆ ಸಿಕ್ಕಾಗ ನೀರು ಎರಡೂ ಪಕ್ಕ ಬಳಸ್ಕೊಂಡು ಹೋಗುತ್ತಲ್ಲ, ನಾರಿನ ಗೆರೆಗಳೂ ಗಂಟನ್ನ ಹಾಗೇ ಬಳಸಿ ಹೋಗಿರುತ್ತವೆ. ಕಾರ್ಬನ್ ನಾರನ್ನೂ ತೂತಿನ ಸುತ್ತ ಹಾಗೆ ಹರಿಸಿದ್ರೆ ಹೇಗೆ? ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಹೈಯರ್ ಮತ್ತು ಶಾರೆಟ್ 1991ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಶ್ನೆ ಇದೇ. ಎರಡು ವರ್ಷ ಬಿಟ್ಟು, 1993ರಲ್ಲಿ, ಜಾಫರ್ ಗುರ್ದಾಲ್ ಮತ್ತು ಓಲ್ಮೆಡೋ ಇದನ್ನ ಇನ್ನಷ್ಟು ವಿಸ್ತರಿಸಿದ್ರು. ಅವರು ಕೊಟ್ಟ ಹೆಸರಿನ ಅರ್ಥ, ಜಾಗದಿಂದ ಜಾಗಕ್ಕೆ ಬದಲಾಗುವ ಬಿಗಿತ.

ಇದರಲ್ಲಿ ಒಂದು ಚಂದದ ತಿರುವಿದೆ. ಬಾಗಿದ ನಾರು ತೂತನ್ನ ತಪ್ಪಿಸ್ಕೊಂಡು ಹೋಗೋದು ಒಂದು ಲಾಭ, ನಿಜ. ಆದ್ರೆ ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಹೊರೆ ಯಾವಾಗಲೂ ಬಿಗಿಯಾದ ಜಾಗವನ್ನೇ ಹುಡುಕ್ಕೊಂಡು ಹೋಗುತ್ತೆ. ನಾಲ್ಕು ಜನ ಮಂಚ ಎತ್ತುವಾಗ ಗಟ್ಟಿಯಾಗಿ ನಿಂತವನ ಕೈಗೇ ಭಾರ ಬೀಳೋ ಹಾಗೆ. ಹಾಳೆಯ ಒಂದು ಭಾಗ ಬಿಗಿ, ಇನ್ನೊಂದು ಭಾಗ ಸಡಿಲ ಅಂತ ನೀವೇ ಮಾಡಿಟ್ರೆ, ಹೊರೆ ಎಲ್ಲಿ ಹರಿಯಬೇಕು ಅಂತ ನೀವೇ ಹೇಳಿದ ಹಾಗಾಯ್ತು. ಆಮೇಲೆ ಸಡಿಲ ಇರೋ ಕಡೆ ಬಾಗಿಲು ಕೊರೆದ್ರೆ ಆಯ್ತು.

ಇದನ್ನ ನಿಜಕ್ಕೂ ಮಾಡಿ ನೋಡಿದ್ದಾರೆ. ನಾಸಾದ ಲ್ಯಾಂಗ್ಲೆ ಕೇಂದ್ರದಲ್ಲಿ ಚಾನ್ಸಿ ವೂ ಮತ್ತು ಅವರ ಜೊತೆಗಾರರು ಎರಡು ಕೊಳವೆಗಳನ್ನ ಪರೀಕ್ಷೆಗೆ ಇಟ್ರು. ವಿಮಾನದ ಮೈಯ ಪುಟ್ಟ ಮಾದರಿಗಳು ಅಂದ್ಕೊಳ್ಳಿ. ನೆತ್ತಿಯಲ್ಲೂ ತಳದಲ್ಲೂ ನಾರು ಕೊಳವೆಯ ಉದ್ದಕ್ಕೆ ಬರೀ 10 ಡಿಗ್ರಿ ಓರೆ, ಅಂದ್ರೆ ಬಹಳ ಬಿಗಿ. ಅಲ್ಲಿಂದ ಪಕ್ಕಕ್ಕೆ ಇಳಿಯುತ್ತಾ ಕೋನ ನಿಧಾನಕ್ಕೆ ಬದಲಾಗಿ ಎರಡೂ ಬದಿಯಲ್ಲಿ 45 ಡಿಗ್ರಿ. ಮೊದಲು ಕೊಳವೆಗಳನ್ನ ಉದ್ದಕ್ಕೆ ಅದುಮಿ, ಮುದುರುವ ತನಕ ಹೊರೆ ಹಾಕಿದ್ರು. ಹೊರೆ ತೆಗೆದ ಮೇಲೆ ಮೊದಲಿನ ಆಕಾರಕ್ಕೆ ಮರಳುವ ಮುದುರು ಅದು, ಹಾಗಾಗಿ ಕೊಳವೆಗಳು ಹಾಳಾಗಲಿಲ್ಲ. ಆಮೇಲೆ ಒಂದು ಬದಿಯಲ್ಲಿ, ಪ್ರಯಾಣಿಕರ ವಿಮಾನದ ಬಾಗಿಲಿನ ಅಳತೆಗೆ ತಕ್ಕ ಹಾಗೆ ಚಿಕ್ಕದು ಮಾಡಿದ ಒಂದು ಕಿಂಡಿ ಕೊರೆದು ಮತ್ತೆ ಅದುಮಿದ್ರು. ಕಿಂಡಿಯ ಸುತ್ತ ಮೈ ಚೆನ್ನಾಗಿಯೇ ಬಾಗಿತು. ಆದ್ರೂ ಸರಾಸರಿ ಲೆಕ್ಕದಲ್ಲಿ ಕಿಂಡಿ ಇಲ್ಲದಾಗಿನ ಬಿಗಿತದ ಶೇ 92 ಉಳಿದಿತ್ತು, ಮುದುರುವ ಹೊರೆಯ ಶೇ 86 ಉಳಿದಿತ್ತು. ಮೈಯಲ್ಲಿ ಬಾಗಿಲಿನಷ್ಟು ತೂತು ಕೊರೆದ ಮೇಲೆ! ಹೊರೆಯ ದೊಡ್ಡ ಪಾಲು ಮೊದಲೇ ನೆತ್ತಿ ಮತ್ತು ತಳದ ಕಡೆ ಹರೀತಿತ್ತು, ಬದಿಯಲ್ಲಿ ತೂತು ಬಿದ್ರೆ ಕಳ್ಕೊಳ್ಳೋದು ಕಡಿಮೆ.

ಎರಡು ಕೊಳವೆ ಯಾಕೆ, ಒಂದೇ ಸಾಲದಾಗಿತ್ತಾ ಅಂದ್ರೆ, ಅಲ್ಲಿಂದಲೇ ನಮ್ಮ ಸೆಲ್ಲೋಟೇಪ್ ತಲೆನೋವು ಶುರು. ಒಂದು ಕೊಳವೆಗೆ ಯಂತ್ರದ 24 ಪಟ್ಟಿಗಳನ್ನೂ ಎಲ್ಲೂ ನಿಲ್ಲಿಸದೆ ಹಾಕಿದ್ರು, ಪಟ್ಟಿಗಳು ಒಂದರ ಮೇಲೊಂದು ಹತ್ತಿ ಮೈಯಲ್ಲಿ ಉಬ್ಬುಗಳು ಎದ್ದವು. ಇನ್ನೊಂದಕ್ಕೆ ಬೇಕಾದಲ್ಲಿ ಪಟ್ಟಿ ಕತ್ತರಿಸಿ, ಮತ್ತೆ ಸೇರಿಸಿ ದಪ್ಪ ಆದಷ್ಟು ಒಂದೇ ಇರೋ ಹಾಗೆ ನೋಡ್ಕೊಂಡ್ರು. ಯಾಕೆ ಹೀಗಾಗುತ್ತೆ?

ಒಂದು ಬಾಗಿದ ಗೆರೆ ಎಳೀರಿ. ಅದೇ ಗೆರೆಯನ್ನ ಪಕ್ಕಕ್ಕೆ 100 ಮಿಲಿಮೀಟರ್ ಸರಿಸಿ ಇನ್ನೊಂದು ಎಳೀರಿ. ಗೆರೆ ನೇರ ಹೋಗೋ ಕಡೆ ಎರಡರ ನಡುವೆ ಪೂರ್ತಿ 100 ಮಿಲಿಮೀಟರ್ ಜಾಗ. ಆದ್ರೆ 45 ಡಿಗ್ರಿ ಓರೆಯಾದ ಕಡೆ ಲಂಬವಾಗಿ ಅಳೆದ್ರೆ ಬರೀ 71. ಯಂತ್ರ ಹಾಕೋ ಪಟ್ಟಿಗಳ ಸಾಲಿನ ಅಗಲ ಮಾತ್ರ ಎರಡೂ ಕಡೆ 100. ಈಗ ಆ 29 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಒಂದೋ ಪಕ್ಕದ ಸಾಲಿನ ಮೇಲೆ ಹತ್ತಿ ಕೂರಬೇಕು, ಇಲ್ಲಾ ಕೆಲವು ಪಟ್ಟಿಗಳನ್ನ ಅಲ್ಲೇ ಕತ್ತರಿಸಬೇಕು. ಹತ್ತಿ ಕೂತ್ರೆ ದಪ್ಪ ಮತ್ತು ತೂಕ. ಕತ್ತರಿಸಿದ್ರೆ ಪಟ್ಟಿಯ ತುದಿ ಚೌಕ, ಪಕ್ಕದ ಸಾಲಿನ ಅಂಚು ಓರೆ, ನಡುವೆ ತ್ರಿಕೋನದ ಸಣ್ಣ ಸಣ್ಣ ಸಂದುಗಳು. ಆ ಸಂದುಗಳಲ್ಲಿ ಆಮೇಲೆ ನಾರಿಲ್ಲದ ಬರೀ ರಾಳ ತುಂಬಿಕೊಳ್ಳುತ್ತೆ, ಅದು ದುರ್ಬಲ ಜಾಗ. ಪದರ ಪದರಕ್ಕೂ ಸಂದುಗಳು ಒಂದರ ಕೆಳಗೊಂದು ಬರದ ಹಾಗೆ ಸರಿಸ್ಕೊಂಡು ಹೋಗ್ತಾರೆ, ಇಟ್ಟಿಗೆ ಗೋಡೆ ಕಟ್ಟುವಾಗ ಸಂದು ತಪ್ಪಿಸ್ತಾರಲ್ಲ, ಹಾಗೆ.

ಇನ್ನು ನೆರಿಗೆಯ ಲೆಕ್ಕ. ಇದು ಬಹಳ ಸರಳ, ಪಟ್ಟಿಯ ಅಗಲವನ್ನ ತಿರುವಿನ ತ್ರಿಜ್ಯದಿಂದ ಭಾಗಿಸಿದ್ರೆ ಸಾಕು. 6.35 ಮಿಲಿಮೀಟರ್ ಅಗಲದ ಪಟ್ಟಿ, 635 ಮಿಲಿಮೀಟರ್ ತ್ರಿಜ್ಯದ ತಿರುವು ಅಂದ್ರೆ ನೂರಕ್ಕೆ ಒಂದು. ಅಂದ್ರೆ ಒಂದು ಮೀಟರ್ ಪಟ್ಟಿಗೆ ಹೊರ ಅಂಚು ಒಳ ಅಂಚಿಗಿಂತ ಒಂದು ಸೆಂಟಿಮೀಟರ್ ಜಾಸ್ತಿ ಉದ್ದ ಇರಬೇಕು. ರಬ್ಬರ್ ಆಗಿದ್ರೆ ಹಿಗ್ಗಿಬಿಡ್ತಿತ್ತು. ಕಾರ್ಬನ್ ನಾರು ಹಿಗ್ಗಲ್ಲ, ಶೇ 2ರಷ್ಟು ಹಿಗ್ಗೋ ಹೊತ್ತಿಗೆ ತುಂಡಾಗೇ ಹೋಗುತ್ತೆ. ಹೊರಗಿನ ನಾರು ಬಿಗಿದು ನಿಲ್ಲುತ್ತೆ, ಒಳಗಿನ ನಾರಿಗೆ ಉದ್ದ ಹೆಚ್ಚಾಗಿ ಮೇಲೆದ್ದು ನೆರಿಗೆಯಾಗುತ್ತೆ. ಅಂಟು ಜೋರಾಗಿದ್ರೆ, ಬಿಸಿ ಸರಿಯಾಗಿದ್ರೆ, ರೋಲರ್ ಚೆನ್ನಾಗಿ ಒತ್ತಿದ್ರೆ ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ. ಅದಕ್ಕಿಂತ ಬಿಗಿ ತಿರುವು ಬೇಕು ಅಂದ್ರೆ ಪಟ್ಟಿ ಕಿರಿದು ಮಾಡಬೇಕು. ಅಗಲ ಅರ್ಧ ಮಾಡಿದ್ರೆ ವ್ಯತ್ಯಾಸವೂ ಅರ್ಧ. ಆದ್ರೆ ಅಷ್ಟೇ ಜಾಗ ತುಂಬೋಕೆ ಪಟ್ಟಿ ಎರಡು ಪಟ್ಟು ಬೇಕು, ಕೆಲಸ ನಿಧಾನ, ಖರ್ಚು ಜಾಸ್ತಿ. ಹೀಗೆ ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಸಾಲದು.

ಇಲ್ಲಿ ನಮ್ಮ ಬೀದಿಯ ಟೈಲರ್‌ಗಳನ್ನ ನೆನಪು ಮಾಡ್ಕೊಳ್ಳಲೇಬೇಕು. ಬ್ಲೌಸಿನ ಕೊರಳಿಗೆ ಪೈಪಿಂಗ್ ಹಾಕ್ತಾರಲ್ಲ, ಆ ಪಟ್ಟಿಯನ್ನ ಅವರು ಬಟ್ಟೆಯಿಂದ ನೇರವಾಗಿ ಕತ್ತರಿಸಲ್ಲ. ಓರೆಯಾಗಿ ಕತ್ತರಿಸ್ತಾರೆ, ಕ್ರಾಸ್ ಪಟ್ಟಿ ಅಂತಾರೆ. ನೇರ ಪಟ್ಟಿ ಕೊರಳಿನ ತಿರುವಿನಲ್ಲಿ ಸುಕ್ಕಾಗುತ್ತೆ. ಕ್ರಾಸ್ ಪಟ್ಟಿಯಲ್ಲಿ ಎಳೆಗಳು ಒಂದರ ಪಕ್ಕ ಒಂದು ಜಾರುತ್ತವೆ, ಹಾಗಾಗಿ ಪಟ್ಟಿ ತಿರುವಿಗೆ ಸರಿಯಾಗಿ ಕೂರುತ್ತೆ. ಬಾಗಿಸೋದರ ಬದಲು ಜಾರಿಸೋದು. ಗುಟ್ಟು ಇಷ್ಟೇ.

ಬ್ರಿಟನ್‌ನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಬ್ಯುಂಗ್ ಚುಲ್ ಕಿಮ್, ಕೆವಿನ್ ಪಾಟರ್, ಪಾಲ್ ವೀವರ್ ಹತ್ತು-ಹದಿನೈದು ವರ್ಷದ ಹಿಂದೆ ರೂಪಿಸಿದ ವಿಧಾನ ಇದೇ ಜಾರುವಿಕೆಯ ಮೇಲೆ ನಿಂತಿದೆ. ಹೆಸರು ಕಂಟಿನ್ಯುಯಸ್ ಟೋ ಶಿಯರಿಂಗ್. ಟೋ ಅಂದ್ರೆ ಈ ಪಟ್ಟಿ. ಮಾಮೂಲಿ ಯಂತ್ರದ ತಲೆ ತಿರುವು ಬಂದಾಗ ಕಾರಿನ ಹಾಗೆ ತಿರುಗುತ್ತೆ. ಇವರ ತಲೆ ತಿರುಗಲ್ಲ, ಮುಖ ಒಂದೇ ಕಡೆ ಇಟ್ಕೊಂಡು ಏಡಿಯ ಥರ ಪಕ್ಕಕ್ಕೆ ಸರಿಯುತ್ತೆ. ಆಗ ಪಟ್ಟಿಯೊಳಗಿನ ನಾರುಗಳು ಇಸ್ಪೀಟ್ ಎಲೆಯ ಕಟ್ಟು ಜಾರಿದ ಹಾಗೆ ಒಂದರ ಪಕ್ಕ ಒಂದು ಜಾರ್ಕೊಳ್ಳುತ್ತವೆ. ಪ್ರತಿ ನಾರೂ ಒಂದೇ ಗೆರೆಯ ನಕಲು, ಬರೀ ಪಕ್ಕಕ್ಕೆ ಸರಿದಿರುತ್ತೆ. ಒಳ ಅಂಚು, ಹೊರ ಅಂಚು ಅನ್ನೋ ಭೇದವೇ ಇಲ್ಲ, ಎಲ್ಲವೂ ಒಂದೇ ಉದ್ದ. ನೆರಿಗೆ ಏಳೋಕೆ ಕಾರಣವೇ ಇಲ್ಲ.

ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟ ಆಯ್ತು. ಆಗ ಹೇಳಿದ 100 ಮತ್ತು 71ರ ಲೆಕ್ಕ ನೆನಪಿದೆಯಲ್ಲ? ಜಾರಿದ ಪಟ್ಟಿ 45 ಡಿಗ್ರಿ ಇರೋ ಕಡೆ ತಾನಾಗೇ ಕಿರಿದಾಗುತ್ತೆ, ಎಷ್ಟಕ್ಕೆ ಅಂದ್ರೆ ನೂರರಲ್ಲಿ 71ಕ್ಕೆ! ಪಕ್ಕದ ಪಟ್ಟಿಗೆ ಅಂಚಿಗೆ ಅಂಚು ಕೂರುತ್ತೆ. ಸಂದೂ ಇಲ್ಲ, ಹತ್ತಿ ಕೂರೋದೂ ಇಲ್ಲ. ಹಾಗಂತ ಪುಕ್ಕಟೆ ಏನೂ ಸಿಗಲ್ಲ. ಅಗಲದಲ್ಲಿ ಕಳೆದುಹೋದ ವಸ್ತು ದಪ್ಪಕ್ಕೆ ಹೋಗುತ್ತೆ. 45 ಡಿಗ್ರಿಯಲ್ಲಿ ಪಟ್ಟಿ ಸುಮಾರು 1.4 ಪಟ್ಟು ದಪ್ಪ, 60 ಡಿಗ್ರಿಗೆ ಹೋದ್ರೆ ಸರಿಯಾಗಿ ಎರಡು ಪಟ್ಟು. ಅಂದ್ರೆ ಕೋನ ಆರಿಸಿದ್ರೆ ದಪ್ಪವನ್ನೂ ಆರಿಸಿದ ಹಾಗೇ. ಜಾಣ ವಿನ್ಯಾಸಗಾರ ಇದನ್ನೇ ಲಾಭ ಮಾಡ್ಕೊಳ್ಳಬಹುದು, ಹೊರೆ ಜಾಸ್ತಿ ಇರೋ ಕಡೆ ದಪ್ಪ ಬರೋ ಹಾಗೆ ದಾರಿ ಹಾಕಬಹುದು. ಇದೇ ತಂತ್ರವನ್ನು ಮುಂದುವರಿಸ್ಕೊಂಡು ಬ್ರಿಸ್ಟಲ್‌ನಲ್ಲಿ ಐಕೋಮ್ಯಾಟ್ ಅನ್ನೋ ಕಂಪನಿಯೂ 2019ರಲ್ಲಿ ಹುಟ್ಟಿಕೊಂಡಿದೆ.

ರೆಕ್ಕೆಯ ವಿಷಯ ಹೇಳದೆ ಮುಗಿಸಿದ್ರೆ ತಪ್ಪಾಗುತ್ತೆ. ರೆಕ್ಕೆ ಉದ್ದ ಮತ್ತು ಕಿರಿದಾದಷ್ಟೂ ಗಾಳಿಯ ತಡೆ ಕಡಿಮೆ, ಇಂಧನ ಉಳಿತಾಯ. ಆದ್ರೆ ಉದ್ದ ರೆಕ್ಕೆ ಜಾಸ್ತಿ ಬಾಗುತ್ತೆ, ಗಾಳಿಯಲ್ಲಿ ಪಟಪಟ ಬಡಿದುಕೊಳ್ಳೋ ಅಪಾಯವೂ ಇದೆ, ಅದು ಹದ್ದು ಮೀರಿದ್ರೆ ರೆಕ್ಕೆ ಮುರಿಯಬಹುದು. ಓರೆ ನಾರಿಗೆ ಇಲ್ಲಿ ಒಂದು ಮೋಡಿ ಗೊತ್ತು. ಸರಿಯಾದ ಓರೆಯಲ್ಲಿ ಹಾಸಿದ್ರೆ, ರೆಕ್ಕೆ ಮೇಲಕ್ಕೆ ಬಾಗಿದಾಗ ಅದರ ಮುಂದಿನ ಅಂಚು ತಾನಾಗೇ ಕೆಳಕ್ಕೆ ತಿರುಚಿಕೊಳ್ಳುತ್ತೆ. ಗಾಳಿಯ ಹೊರೆ ತಾನಾಗೇ ಇಳಿಯುತ್ತೆ. ಮೋಟರ್ ಇಲ್ಲ, ಕಂಪ್ಯೂಟರ್ ಇಲ್ಲ. 1984ರಲ್ಲಿ ಮೊದಲು ಹಾರಿದ ಅಮೆರಿಕದ ಎಕ್ಸ್-29 ವಿಮಾನದ ರೆಕ್ಕೆಗಳು ಹಿಂದಕ್ಕಲ್ಲ, ಮುಂದಕ್ಕೆ ಚಾಚಿದ್ದವು. ಅಂಥ ರೆಕ್ಕೆ ತಿರುಚಿಕೊಂಡು ಮುರಿಯದೆ ಉಳಿಯೋದಕ್ಕೆ ಓರೆ ಕಾರ್ಬನ್ ನಾರಿನ ಹೊದಿಕೆಯೇ ಆಸರೆ. ಅದು ನೇರ ನಾರಿನ ಕಾಲ. 2018ರಲ್ಲಿ ನಾಸಾದ ಆರ್ಮ್‌ಸ್ಟ್ರಾಂಗ್ ಕೇಂದ್ರದಲ್ಲಿ ಅರೋರಾ ಫ್ಲೈಟ್ ಸೈನ್ಸಸ್ ಕಂಪನಿ ತಯಾರಿಸಿದ 39 ಅಡಿ ಉದ್ದದ ರೆಕ್ಕೆಯೊಂದನ್ನ ಹೊರೆ ಹಾಕಿ ಪರೀಕ್ಷಿಸಿದ್ರು. ಅದರಲ್ಲಿ ನಾರು ಬಾಗಿದ ದಾರಿಯಲ್ಲೇ ಸಾಗುತ್ತೆ. ಆದ್ರೆ ಅದು ನೆಲದ ಮೇಲಿನ ಪರೀಕ್ಷೆ, ಹಾರಾಟವಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾವು ಟಿಕೆಟ್ ತಗೊಂಡು ಹತ್ತೋ ವಿಮಾನಗಳು ಯಾಕಿನ್ನೂ ಹೆಚ್ಚಾಗಿ ಆ ನಾಲ್ಕು ದಿಕ್ಕಿನ ಲೆಕ್ಕದಲ್ಲೇ ಇವೆ? ನನ್ನ ಪ್ರಕಾರ ಯಂತ್ರಕ್ಕಿಂತ ದೊಡ್ಡ ಅಡ್ಡಿ ಪ್ರಮಾಣಪತ್ರ. ಹೊಸ ವಸ್ತುವಿನ ಭಾಗವೊಂದಕ್ಕೆ ಹಾರಾಟದ ಅನುಮತಿ ಬೇಕು ಅಂದ್ರೆ ಪಿರಮಿಡ್ ಥರ ಪರೀಕ್ಷೆ ನಡೆಯುತ್ತೆ: ಕೆಳಗೆ ಸ್ಕೇಲ್‌ಪಟ್ಟಿಯಷ್ಟು ಚಿಕ್ಕ ನೂರಾರು ಚೂರುಗಳು, ಅದರ ಮೇಲೆ ದೊಡ್ಡ ತುಂಡುಗಳು, ತುದಿಯಲ್ಲಿ ಇಡೀ ರೆಕ್ಕೆ. ನೇರ ನಾರಿಗೆ ಕೆಳಗಿನ ಮೆಟ್ಟಿಲು ಒಮ್ಮೆ ಕಟ್ಟಿದ್ರೆ ಎಷ್ಟೋ ವರ್ಷ ಬಳಸಬಹುದು. ಬಾಗಿದ ನಾರಿನಲ್ಲಿ ಹಾಳೆಯ ಪ್ರತಿ ಬಿಂದುವೂ ಬೇರೆ. ಯಾವ ಚೂರನ್ನ ಕತ್ತರಿಸಿ ‘ಇದು ಇಡೀ ಹಾಳೆಯ ಮಾದರಿ’ ಅಂತ ಹೇಳ್ತೀರಿ? ತ್ರಿಕೋನದ ಸಂದು, ಸಣ್ಣ ನೆರಿಗೆ, ಇವು ಎಷ್ಟಿದ್ರೆ ಪರವಾಗಿಲ್ಲ, ಎಷ್ಟಾದ್ರೆ ತುಂಡನ್ನೇ ಬಿಸಾಕಬೇಕು ಅನ್ನೋದನ್ನೂ ತೀರ್ಮಾನಿಸಬೇಕು. ಪ್ರತಿ ಪದರ ಹಾಕಿದ ಮೇಲೆ ಯಂತ್ರ ನಿಲ್ಲಿಸಿ, ಜನ ಟಾರ್ಚ್ ಹಿಡಿದು ದೋಷ ಹುಡುಕೋದು ಈ ಉದ್ಯಮದಲ್ಲಿ ಸಾಮಾನ್ಯ. ಈಗ ಕ್ಯಾಮೆರಾ, ಲೇಸರ್ ಬಂದು ಆ ಕೆಲಸ ಹಗುರ ಮಾಡ್ತಿವೆ.

ನಮ್ಮೂರಿಗೂ ಕಾಂಪೋಸಿಟ್‌ಗೂ ಹಳೇ ನಂಟು. ಬೆಂಗಳೂರಿನ ಎನ್‌ಎಎಲ್, ಎಚ್‌ಎಎಲ್ ಸೇರಿ ಕೆಲಸ ಮಾಡಿದ, 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45 ಕಾಂಪೋಸಿಟ್. ಬೋಯಿಂಗ್ ಮತ್ತು ಏರ್‌ಬಸ್ ಎರಡಕ್ಕೂ ಬೆಂಗಳೂರಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ, ದೇವನಹಳ್ಳಿ ಹತ್ತಿರದ ಬೋಯಿಂಗ್ ಕ್ಯಾಂಪಸ್ ಉದ್ಘಾಟನೆ ಆಗಿದ್ದು 2024ರ ಜನವರಿಯಲ್ಲಿ. ಮೆಕ್ಯಾನಿಕಲ್ ಓದ್ತಿದ್ದು, ಎಲ್ಲಾ ಕೆಲಸ ಸಾಫ್ಟ್‌ವೇರ್‌ನಲ್ಲೇ ಇದೆ ಅಂತ ಬೇಜಾರಲ್ಲಿರೋರಿಗೆ ಒಂದು ಮಾತು: ಬಾಗಿದ ದಾರಿಯ ಈ ಕೆಲಸದಲ್ಲಿ ಜ್ಯಾಮಿತಿ, ವಸ್ತುವಿಜ್ಞಾನ, ಪ್ರೋಗ್ರಾಮಿಂಗ್ ಮೂರೂ ಒಂದೇ ಮೇಜಿಗೆ ಬರುತ್ತವೆ. ಪಟ್ಟಿ ಎಲ್ಲಿ ಶುರುವಾಗಬೇಕು, ಎಲ್ಲಿ ಕತ್ತರಿಸಬೇಕು ಅಂತ ರೋಬೋಟ್‌ಗೆ ಹೇಳೋ ಕೋಡ್ ಯಾರಾದ್ರೂ ಬರೆಯಲೇಬೇಕಲ್ಲ.